ದುಡಿಯದ ತಿಂಗಳ ಸಹಿ

‘ಡಿಬೇಟ್ ಮಾಡೋ ಮಗಳು ಕಂಟ್ರಾಕ್ಟರ್ ಬಾಯಿ ಮುಚ್ಚಿಸಿ ಅವ್ವನ ಸಂಬಳ ಕೊಡಿಸಿದ್ಲು’ ಎಂದು ಟಿ. ನರಸೀಪುರದ ನಮ್ಮ ಬೀದಿಯಲ್ಲಿ ಈಗಲೂ ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಆ ದಿನ ಮೊದಲು ಮುಚ್ಚಿದ್ದು ನನ್ನ ಬಾಯಿ.

ಅವ್ವ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಕಂಟ್ರಾಕ್ಟರ್ ಕೈಕೆಳಗೆ ಪ್ಯಾಕಿಂಗ್ ಮಾಡುತ್ತಿದ್ದಳು. ಮೂರು ತಿಂಗಳು ಸಂಬಳ ಬಾರದೆ ಫೆಬ್ರವರಿ ಕೊನೆಗೆ ಕೆಲಸ ಬಿಟ್ಟಳು. ನನ್ನ ಬಿ.ಎಡ್. ಫೀಸಿಗೆ ನಂಬಿದ್ದು ಆ ದುಡ್ಡನ್ನೇ; ಕಟ್ಟಲು ಉಳಿದಿದ್ದು ನಾಲ್ಕೇ ದಿನ. ಕಾರ್ಮಿಕ ಇನ್ಸ್‌ಪೆಕ್ಟರಿಗೆ ದೂರು ಕೊಟ್ಟೆವು. ಅವರು ಕಂಟ್ರಾಕ್ಟರನನ್ನೂ ಕಚೇರಿಗೆ ಕರೆಸಿದರು.

ಕಾನೂನು, ಕೆಲಸದ ಗಂಟೆ, ಓವರ್‌ಟೈಮ್ ಎಲ್ಲವನ್ನೂ ಒಂದೇ ಉಸಿರಿಗೆ ವಾದಿಸಿದೆ. ಅವನು ಪೂರ್ತಿ ಕೇಳಿಸಿಕೊಂಡು ನಕ್ಕ.

“ಚೆಂದಾಗಿ ಮಾತಾಡ್ತೀಯ ಕಣವ್ವ. ಇಲ್ನೋಡಿ ಸಾ, ಅಕ್ಕನ ಸೈನು. ಡಿಸೆಂಬರು, ಜನವರಿ, ಫೆಬ್ರವರಿ, ಎಲ್ಲಾ ಕೈಗೇ ಕೊಟ್ಟಿವ್ನಿ.”

ಸಂಬಳದ ರಿಜಿಸ್ಟರಿನಲ್ಲಿ ಅವ್ವನ ವಾಲಿದ ಅಕ್ಷರಗಳೇ ಇದ್ದವು.

“ಇದು ನಿಂದೇನವ್ವ?” ಎಂದೆ.

“ನಂದೇಯ.”

“ದುಡ್ಡು ಈಸ್ಕೊಳ್ದೆ ಯಾಕೆ ಹಾಕ್ದೆ?”

“ಒಂದಿನ ಬೆಳಿಗ್ಗೆ ಕಾರ್ಖಾನೆ ಟೆಂಪೋ ಅತ್ತೋವಾಗ್ಲೇ ಪುಸ್ತಕ ಕೊಟ್ಟ. ಸೈನ್ ಆಕ್ದೋರ್ಗೇ ಸೀಟು ಕಣ್ಮಗ. ಎಲ್ರೂ ಆಕುದ್ರು. ಯಾರ್ಗೂ ದುಡ್ಡು ಬಂದಿಲ್ಲ.”

ನಾನು ವಾರವಿಡೀ ಭಾಷಣ ಸಿದ್ಧಪಡಿಸಿದವಳು, ಎಲ್ಲಾದರೂ ಸಹಿ ಹಾಕಿದ್ದೀಯಾ ಎಂದು ಅವ್ವನನ್ನು ಒಂದು ಮಾತು ಕೇಳಿರಲಿಲ್ಲ. ಇನ್ಸ್‌ಪೆಕ್ಟರ್ ರಿಜಿಸ್ಟರ್ ಮುಚ್ಚಲು ಕೈಯಿಟ್ಟರು.

“ಸಾ, ಇನ್ನೊಂದ್ ಆಳೆ ಮಗುಚಿ,” ಎಂದಳು ಅವ್ವ.

ಮಾರ್ಚ್. ಅಲ್ಲೂ ಅವಳ ಸಹಿ.

“ಡಿಸೆಂಬರ್‌ನಲ್ಲೇ ಮುಂದಿನ ಆರು ತಿಂಗಳದ್ದೂ ಒಂದೇ ದಿನ ಆಕುಸ್ದ ಸಾ. ತಿಂಗ್ಳು ತಿಂಗ್ಳೂ ಯಾರು ಪುಸ್ತಕ ಒರ್ತಾರೆ ಅಂದ.”

ಇನ್ಸ್‌ಪೆಕ್ಟರ್ ಕನ್ನಡಕ ತೆಗೆದರು. “ಫೆಬ್ರವರಿಗೇ ಬಿಟ್ಟೋಳಿಗೆ ಮಾರ್ಚ್ ಸಂಬಳಾನೂ ಕೈಗೇ ಕೊಟ್ರಾ? ಇನ್ನೂ ತಿಂಗ್ಳೇ ಮುಗ್ದಿಲ್ವಲ್ರೀ. ದೊಡ್ಡ ಮನಸ್ಸು ಕಣ್ರೀ ನಿಮ್ದು!”

ಕಂಟ್ರಾಕ್ಟರ್ ನಗಲಿಲ್ಲ. ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿ ಬಂದ. ಮಧ್ಯಾಹ್ನದೊಳಗೆ ಅವ್ವನ ಖಾತೆಗೆ ಮೂರು ತಿಂಗಳ ಸಂಬಳ ಬಿತ್ತು. ಬ್ಯಾಂಕಿನ ಮೆಸೇಜನ್ನು ಅವ್ವ ನನ್ನಿಂದ ಎರಡು ಸಲ ಓದಿಸಿದಳು.

ಕಂಟ್ರಾಕ್ಟರ್ ರಿಜಿಸ್ಟರನ್ನು ಕಂಕುಳಿಗೆ ಸೇರಿಸಿ ಹೊರಟ. “ಬಾ ಮಗ, ಬಸ್ಸಿಗೆ ಒತ್ತಾಯ್ತು,” ಎಂದು ಅವ್ವ ನನ್ನ ಕೈ ಎಳೆಯುತ್ತಿದ್ದಳು. ನಾನು ಬಾಗಿಲಿಗೆ ಅಡ್ಡ ನಿಂತೆ.

“ಅಣ್ಣ, ಮಾರ್ಚ್ ಹಾಳೇಲಿ ಅವ್ವನ ಸೈನ್ ಕೆಳಗೆ ಇನ್ನೂ ಹನ್ನೊಂದು ಹೆಂಗಸರ ಸೈನಿತ್ತು. ಅವರ ದುಡ್ಡು ಯಾವಾಗ ಕೊಡ್ತೀರಿ?”