ಹೊಟ್ಟೆ ತುಂಬಿದ ಕೌದಿ

ದೆಹಲಿಯ ಓಖ್ಲಾದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಮಂಜು ಎಷ್ಟು ದಟ್ಟವಾಗಿದೆಯೆಂದರೆ ಎದುರಿನ ಚಹಾದಂಗಡಿಯ ಒಲೆ ಕಾಣುತ್ತದೆ, ಚಹಾದವನು ಕಾಣುವುದಿಲ್ಲ. ‘ಹಿಮಪಥ’ ಕಂಪನಿಯ ಹಿಂಬಾಗಿಲಲ್ಲಿ ಶಾಲು ಬಿಗಿದು ಕುಕ್ಕರಗಾಲಲ್ಲಿ ಕೂತ ಶಾಂತಮ್ಮ ಬಟ್ಟೆ ಚೂರುಗಳ ಗುಡ್ಡೆಗೆ ಕೈ ಹಾಕಿದ್ದಾರೆ. ಗುಜರಿ ಗಾಡಿ ಬರುವ ಮೊದಲೇ ಒಳ್ಳೆಯದನ್ನೆಲ್ಲ ಆರಿಸಿಡಬೇಕು. “ಗುಜರಿ ಭಯ್ಯಾ ಬಂದ್ರ ಮುಗೀತ್ರಿ. ರೇಷ್ಮಿ, ಗೋಣಿ ಎಲ್ಲಾ ಅವಂಗ ಒಂದೇ” ಎಂದು ನಗುತ್ತಾರೆ.

ಹಿಮಾಲಯ ಹತ್ತುವವರಿಗೆ ಡೇರೆ, ಬೆನ್ನುಚೀಲ, ಮಲಗುವ ಚೀಲ ಹೊಲಿಯುವ ಕಂಪನಿ ಇದು. ಬೆಟ್ಟ ಹತ್ತಿದವರ ಫೋಟೊಗಳು ಗೋಡೆ ತುಂಬ ಇವೆ. ಕತ್ತರಿಸಿ ಉಳಿದ ನೈಲಾನ್ ಎಲ್ಲಿಗೆ ಹೋಗುತ್ತದೆಂದು ಮಾತ್ರ ಬಹಳ ಕಾಲ ಯಾರೂ ಕೇಳಿರಲಿಲ್ಲ. ಗುಜರಿಗೆ ಹೋದ ಅದನ್ನೇ ಹಿಂದಿನ ಗಲ್ಲಿಯಲ್ಲಿ ಸುಟ್ಟು ಚಳಿ ಕಾಯಿಸಿಕೊಳ್ಳುತ್ತಿದ್ದರು. ಆ ಕಪ್ಪು ಹೊಗೆಗೆ ಗಲ್ಲಿಯ ಮಕ್ಕಳೆಲ್ಲ ಕೆಮ್ಮುತ್ತಿದ್ದರು.

ಶಾಂತಮ್ಮ ಆಗ ಇಲ್ಲಿ ದಾರ ಕತ್ತರಿಸುವ ಕೆಲಸಕ್ಕಿದ್ದರು. ನವಲಗುಂದದ ಹೆಣ್ಣುಮಗಳು, ಪತಿ ಮಹಂತೇಶ್ ಇಲ್ಲಿನ ಸರ್ಕಾರಿ ಕಚೇರಿಯೊಂದರಲ್ಲಿ ಜವಾನರು. “ಮೊದಲ್ನೇ ಚಳಿಗಾಲ. ಹಿಂದಿ ಬರೂದಿಲ್ಲ, ಹೊದಿಯಾಕ ಸಾಲೂದಿಲ್ಲ. ಅತ್ತು ಅತ್ತು ಸಾಕಾಗಿತ್ತು.” ಅಳು ನಿಂತ ಮೇಲೆ ಕಸಕ್ಕೆ ಬಿದ್ದ ಚೂರುಗಳನ್ನು ಮನೆಗೊಯ್ದು, ಅಜ್ಜಿ ಕಲಿಸಿದಂತೆ ಕೌದಿ ಹೊಲಿದರು.

ಕಂಪನಿಯ ಪರಿಸರ ಮತ್ತು ಸಮುದಾಯದ ಕೆಲಸ ನೋಡಿಕೊಳ್ಳುವ ಮೈಸೂರಿನ ಹುಡುಗಿ ಅಮೂಲ್ಯ ಅದನ್ನು ನೋಡಿ ಹಿಗ್ಗಿದಳು. “ಶಾಂತಮ್ಮನವರೇ, ಇದನ್ನ ಇಲ್ಲೇ ಮಾಡಬಹುದಲ್ವಾ?” ಬದರ್‌ಪುರದ ಕಡೆ ಮೆಟ್ರೊ ಕಂಬ ಕಟ್ಟುವ ಕೂಲಿಗಳ ಜೋಪಡಿಗಳಿಗೆ ಕೊಡುವುದೆಂದಾಯಿತು. ಮೇಲೆ ಇಬ್ಬನಿ ತಡೆಯುವ ನೈಲಾನ್, ಒಳಗೆ ಮಲಗುವ ಚೀಲಗಳಿಗೆ ತುಂಬಿ ಉಳಿದ ನಾರು. ಮಾಲೀಕರೂ ಒಪ್ಪಿದರು.

ಎಡವಟ್ಟಾಗಿದ್ದು ಆಮೇಲೆ. ಶಾಂತಮ್ಮನ ತವರಿನಲ್ಲಿ ಕೌದಿಯ ಮೂಲೆಗೆ ಒಂದು ಹಿಡಿ ಜೋಳ ಇಟ್ಟೇ ಕೊನೆಯ ಹೊಲಿಗೆ ಹಾಕುವುದು. “ಹಸದ ಕೌದಿ ಬೆಚ್ಚಗ ಮಲಗಸ್ತದೇನ್ರಿ?” ಯಾರಿಗೂ ಹೇಳದೆ ಎಲ್ಲ ಕೌದಿಗಳಿಗೂ ಅವರು ಹೊಟ್ಟೆ ತುಂಬಿಸಿದ್ದರು. ಹಂಚುವ ದಿನ ಗೋದಾಮು ತೆರೆದರೆ, ಇಲಿಗೆ ಚೆಲ್ಲಾಟ, ಶಾಂತಮ್ಮನಿಗೆ ಪ್ರಾಣಸಂಕಟ! ಕೌದಿಯ ಮೂಲೆಗಳಷ್ಟೇ ಅಲ್ಲ, ಪಕ್ಕದಲ್ಲಿದ್ದ ಹೊಸ ಡೇರೆಗಳೂ ಜಾಲರಿಯಾಗಿದ್ದವು. ಮಾಲೀಕರು “ಬಸ್, ಬಂದ್ ಕರೋ” ಎಂದರು. ಅಮೂಲ್ಯ ಕಾಡಿ ಬೇಡಿ ಇನ್ನೊಂದು ಚಳಿಗಾಲ ಕೇಳಿಕೊಂಡಳು. ಅದೂ ಕೆಟ್ಟರೆ ಚೂರೆಲ್ಲ ಮತ್ತೆ ಗಲ್ಲಿಯ ಬೆಂಕಿಗೇ.

ಜೋಳ ಬಿಡಲು ಶಾಂತಮ್ಮನಿಗೆ ಮನಸ್ಸು ಬರಲಿಲ್ಲ, ಇಡಲು ಧೈರ್ಯ ಬರಲಿಲ್ಲ. ಬದಲಿಗೆ ಗುಂಡಿ ಇಟ್ಟರೆ ಹೇಗೆ ಎಂದಳು ಅಮೂಲ್ಯ. “ಗುಂಡಿ ತಿಂದ್ರ ಹೊಟ್ಟಿ ತುಂಬ್ತದೇನವ್ವಾ?” ಕೊನೆಗೆ ದಾರಿ ಹೊಳೆದದ್ದು ಜೋಳದ ರೊಟ್ಟಿ ಬಡಿಯುವಾಗ. ಮೂಲೆ ಹೊಲಿಯದೆ ಬಿಡುವುದು. ಜೋಪಡಿಗೆ ರೊಟ್ಟಿಯನ್ನೂ ಒಯ್ಯುವುದು. ಹೊದೆಯುವವರು ಉಂಡ ಮೇಲೆ ಅವರೆದುರೇ ಕೊನೆಯ ಹೊಲಿಗೆ. “ಮೂಲ್ಯಾಗ ಇದ್ರೇನು, ಹೊದ್ದಾವ್ರ ಹೊಟ್ಟ್ಯಾಗ ಇದ್ರೇನು, ಜೋಳಾ ಜೋಳಾನ ಅಲ್ಲೇನ್ರಿ” ಎನ್ನುತ್ತಾರೆ. ಮಹಂತೇಶ್ ಕೂಡ ಹಿಟ್ಟು ನಾದಲು ಕೂತಿದ್ದರಂತೆ.

ಇಂದು ಈ ಚಳಿಗಾಲದ ಮೊದಲ ಹಂಚಿಕೆ. ಟೆಂಪೊದಲ್ಲಿ ಇಲಿ ಮುಟ್ಟದ ಕೌದಿಗಳು, ಬಿಸಿ ರೊಟ್ಟಿಯ ಬುಟ್ಟಿ, ಹಿಂದೆ ಕಾರಿನಲ್ಲಿ ಮುಖ ಗಂಟಿಕ್ಕಿಕೊಂಡ ಮಾಲೀಕರು. ಜೋಪಡಿಯೊಂದರ ಮುಂದೆ ಮಗುವನ್ನು ಎತ್ತಿಕೊಂಡ ಹೆಂಗಸು ರೊಟ್ಟಿ ಮುರಿಯುತ್ತಾಳೆ. ದೂರ ನಿಂತ ಮಾಲೀಕರನ್ನು ಕಂಡು ಅರ್ಧ ಅವರತ್ತ ಚಾಚುತ್ತಾಳೆ: “ಲೀಜಿಯೇ ಸಾಬ್, ಠಂಡ್ ಹೈ.” ಮಾಲೀಕರು ಅದನ್ನು ತೆಗೆದುಕೊಂಡು ಅಲ್ಲೇ ಇಟ್ಟಿಗೆಯ ಮೇಲೆ ಕೂತು ತಿನ್ನುತ್ತಾರೆ. ಬಾಯಿ ಒರೆಸಿಕೊಂಡು ಅಮೂಲ್ಯಳಿಗೆ ಹೇಳುವುದು ಇಷ್ಟೇ: ನಾಳೆಯಿಂದ ಒಂದು ಚೂರೂ ಗುಜರಿಗೆ ಹೋಗಬಾರದು.

ಶಾಂತಮ್ಮನ ಕಣ್ಣು ತುಂಬಿದೆ, ಸೂಜಿಗೆ ದಾರ ಪೋಣಿಸಲಾಗುತ್ತಿಲ್ಲ. ಅಮೂಲ್ಯಳೇ ಪೋಣಿಸಿಕೊಡುತ್ತಾಳೆ. ಮೂಲೆ ಮುಚ್ಚಿ, ದಾರ ಹಲ್ಲಿನಲ್ಲಿ ಕಡಿದು, ಕೌದಿಯನ್ನು ಮಗುವಿನ ಮೇಲೆ ಹೊದಿಸುತ್ತಾರೆ. ಅದು ಆಗಲೇ ತೂಕಡಿಸುತ್ತಿದೆ.

“ಆಫೀಸಿನ್ ಗ್ವಾಡಿ ಮ್ಯಾಲೆ ಬೆಟ್ಟಾ ಹತ್ತಿದಾವ್ರ ಫೋಟೊ ಅದಾವಲ್ರಿ” ಎನ್ನುತ್ತಾರೆ, ಮಗುವಿಗೆ ಎಚ್ಚರವಾಗದ ಹಾಗೆ ಮೆಲ್ಲಗೆ. “ಅವ್ರ ಬಾಜೂಕ ಈ ಕೂಸು ಮಲಗಿದ್ದೂ ಒಂದು ಹಾಕಿದ್ರ ಸಾಕು ನೋಡ್ರಿ.”