ಮಾತಾಡುವ ಚೊಂಬು

ಫಿಸಿಕ್ಸ್ ಪಾಠ ಮಾಡುವವನಿಗೆ ದೆವ್ವದ ಭಯ ಇರಬಾರದು. ನನಗೆ ಸ್ವಲ್ಪ ಇದೆ. ಅದೂ ಹಾಡುಹಗಲಿನ ದೆವ್ವದ್ದು.

ಎಂಬತ್ತರ ದಶಕದ ಕೊನೆಯ ಮಾತು. ದೊಡ್ಡಬಳ್ಳಾಪುರದ ಹತ್ತಿರದ ಹಳ್ಳಿಯಲ್ಲಿ ನನ್ನ ಸೋದರತ್ತೆಯ ಮನೆ. ಅತ್ತೆಗೆ ಕಣ್ಣು ಕಾಣುತ್ತಿರಲಿಲ್ಲ. ಮಾವ ಹೊಲಕ್ಕೆ ಹೋದರೆ ಹಗಲೆಲ್ಲ ಮನೆಯಲ್ಲಿ ಅವರೊಬ್ಬರೇ. ಹೊಲದಾಚೆ ರೇಡಿಯೋ ಪ್ರಸಾರದ ಗೋಪುರ. ಅದರ ಅಲೆಗಳು ಅಲ್ಲಿ ಎಷ್ಟು ಜೋರೆಂದರೆ, ತೆಂಗಿನ ಮರಗಳ ನಡುವೆ ಕಟ್ಟಿದ ತಂತಿಯೊಂದೇ, ಒಂದು ಪುಟ್ಟ ಡಯೋಡಿನ ನೆರವಿನಿಂದ, ಇಯರ್‌ಫೋನನ್ನು ಮಾತಾಡಿಸುತ್ತಿತ್ತು. ಕರೆಂಟೂ ಬೇಡ, ಬ್ಯಾಟರಿಯೂ ಬೇಡ. ನನ್ನ ಪಾಂಡಿತ್ಯ ತೋರಿಸಲು ಸಿಕ್ಕಿದ್ದೇ ಅವಕಾಶವೆಂದು, ಆ ತಂತಿಯನ್ನು ನಡುವೆ ಕತ್ತರಿಸಿ, ನೆಲದೊಳಗಿನ ನೀರಿನ ತೊಟ್ಟಿಯ ಬಾಯಲ್ಲಿ ಅದರ ಎರಡು ತುದಿಗಳನ್ನು ಇಳಿಬಿಟ್ಟೆ. ನೀರು ತುಂಬಿ ಎರಡನ್ನೂ ಮುಟ್ಟಿದರೆ, ಅಡುಗೆಮನೆಯ ಹಿತ್ತಾಳೆ ಚೊಂಬಿನೊಳಗಿಟ್ಟ ಇಯರ್‌ಫೋನ್ ಮಾತಾಡಬೇಕು. ಅತ್ತೆ ಹೋಗಿ ಮೋಟರ್ ನಿಲ್ಲಿಸಬೇಕು.

ಒಂದು ಭಾನುವಾರ ಮಧ್ಯಾಹ್ನ ನಾನು ಜಗಲಿಯಲ್ಲಿ ಪೇಪರ್ ಓದುತ್ತಿದ್ದೆ.

"ಚೊಂಬು ಮಾತಾಡ್ತಾ ಐತೆ ಕಣೋ," ಎಂದರು ಅತ್ತೆ, ಒಳಗಿನಿಂದ.

"ತೊಟ್ಟಿ ತುಂಬಿರ್ಬೇಕು ಬಿಡತ್ತೆ."

"ತೊಳೆಯಾಕಂತ ನಿಮ್ಮಾವ ಬೆಳಿಗ್ಗೆನೇ ಖಾಲಿ ಮಾಡವ್ರೆ. ಕರೆಂಟೂ ಇಲ್ಲ."

ಒಳಗೆ ಹೋಗಿ ಬಗ್ಗಿ ಕೇಳಿದೆ. ಚೊಂಬಿನ ತಳದಲ್ಲಿ ಯಾರೋ ಪೇಟೆಯ ಧಾರಣೆ ಓದುತ್ತಿದ್ದ. ರಾಗಿ ಎಂದ, ನಿಂತ. ಹುರುಳಿ ಎಂದ, ಮತ್ತೆ ನಿಂತ. ಉಸಿರು ಸಿಕ್ಕಿಕೊಂಡವನ ಹಾಗೆ. ನನ್ನ ಮೈಯೆಲ್ಲ ಮುಳ್ಳೆದ್ದಿತು. ಬರಿದಾದ ತೊಟ್ಟಿಯಲ್ಲಿ ತಂತಿ ಮುಟ್ಟಿದ್ದು ಯಾರು?

ಅತ್ತೆಯ ಮುಖ ಬಿಳಿಚಿಕೊಂಡಿತು. "ಅಯ್ಯೋ, ನಿಮ್ಮಾವ ತೊಟ್ಟಿ ಒಳಗವ್ರೆ! ಓಡೋ!"

ತೊಟ್ಟಿಯ ಕತ್ತಲಿಂದ ಒಂದು ಕೈ ಮೇಲೆ ಬಂದು ಎರಡೂ ತಂತಿಗಳನ್ನು ಹಿಡಿದಿತ್ತು. ಬೆರಳು ಸಡಿಲವಾಗುತ್ತಿತ್ತು, ಬಿಗಿಯಾಗುತ್ತಿತ್ತು. ನಾನು ಹೊಟ್ಟೆಯ ಮೇಲೆ ಮಲಗಿ ಮಣಿಕಟ್ಟು ಹಿಡಿದೆ. ಅತ್ತೆಯ ಕೂಗಿಗೆ ಅಕ್ಕಪಕ್ಕದವರು ಓಡಿಬಂದರು. ಎಲ್ಲರೂ ಸೇರಿ ಮಾವನನ್ನು ಮೇಲಕ್ಕೆಳೆದೆವು. ಗಾಳಿಯಿಲ್ಲದ ತೊಟ್ಟಿಯಲ್ಲಿ ತಲೆ ಸುತ್ತಿ, ಹತ್ತಲು ಹೋಗಿ ಕೈಗೆ ಸಿಕ್ಕಿದ್ದನ್ನು ಹಿಡಿದಿದ್ದರಂತೆ. ನೀರು ಚಿಮುಕಿಸಿದ ಮೇಲೆ ಕಣ್ಣುಬಿಟ್ಟರು. ಅತ್ತೆ ಅವರ ಎದೆಯ ಮೇಲಿಟ್ಟ ಕೈಯನ್ನು ಸಂಜೆಯವರೆಗೂ ತೆಗೆಯಲಿಲ್ಲ.

ಆಮೇಲೆ ನಾನು ವಿವರಿಸಿದೆ: ಆ ಅಲೆಗಳು ಗೋಡೆ, ಮರ, ನಮ್ಮ ಮೈ ಎಲ್ಲವನ್ನೂ ಹಾದುಹೋಗುತ್ತಲೇ ಇರುತ್ತವೆ, ನಮಗೆ ಗೊತ್ತಾಗುವುದಿಲ್ಲ ಅಷ್ಟೆ.

"ಈಗ್ಲೂ ನನ್ನ ಮೈಯಾಗೆ ಮಾತಾಡ್ತಾ ಅವ್ರಾ?"

"ಹೂಂ ಅತ್ತೆ."

ಅತ್ತೆ ಸೆರಗನ್ನು ಸರಿಯಾಗಿ ಹೊದ್ದುಕೊಂಡರು.

"ಮೊದ್ಲೇ ಹೇಳ್ಬಾರದಾ? ಇಷ್ಟು ವರ್ಸ ಒಬ್ಳೇ ಇದೀನಂತ ಸುಮ್‌ಸುಮ್ನೆ ಹೆದರ್ಕೊಂಡಿದ್ದೆ."