ತಳ್ಳಿ ಸ್ಟಾರ್ಟ್ ಮಾಡಿದ ಕಾರು

ಚನ್ನಪಟ್ಟಣದಲ್ಲಿ ನಾನು ಗ್ಯಾರೇಜ್ ಇಟ್ಟು ಇಪ್ಪತ್ತು ವರ್ಷ ದಾಟಿದ್ದ ಕಾಲ. ರೇಷ್ಮೆಗೂಡಿಗೆ ಒಳ್ಳೇ ರೇಟು ಬಂದು, ಸುತ್ತಲ ಹಳ್ಳಿಗಳಿಗೆ ಸೆಕೆಂಡ್ ಹ್ಯಾಂಡ್ ಕಾರುಗಳು ಬಂದಿದ್ದವು. ನಮಗೆ ಕೈತುಂಬ ಕೆಲಸ.

ಒಂದು ಬೆಳಿಗ್ಗೆ ಅಕ್ಕೂರಿನ ಸಾಕಮ್ಮ ತಾವೇ ಕಾರು ಓಡಿಸಿಕೊಂಡು ಬಂದರು. ರೇಷ್ಮೆ ಹುಳ ಸಾಕುವವರು, ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತವರು. ಪಕ್ಕದಲ್ಲಿ ಮೈದುನ ಶಿವಣ್ಣ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಲೈಟ್ ಉರಿಯುತ್ತಿತ್ತು.

“ಬೇರೆ ಗ್ಯಾರೇಜಲ್ಲಿ ಕನ್ವರ್ಟರ್ ಹೋಗೈತೆ ಅಂದ್ರು ಕಣಣ್ಣ. ನಾನು ಓಡ್ಸಿದ್ದಕ್ಕೇ ಕೆಟ್ಟೋಯ್ತಂತೆ. ಅದು ನಿಜ ಆದ್ರೆ ಇನ್ಮೇಲೆ ಕೀ ಇವ್ನ ಕೈಗೆ ಅಂತ ಮನೇಲಿ ತೀರ್ಮಾನ ಆಗೋಗೈತೆ,” ಎಂದರು ಸಾಕಮ್ಮ.

ಕ್ಯಾಟಲಿಟಿಕ್ ಕನ್ವರ್ಟರ್ ಎಂದರೆ ಸೈಲೆನ್ಸರ್ ಪೈಪಿನಲ್ಲಿ ಕೂತು ಹೊಗೆಯ ವಿಷ ಕಡಿಮೆ ಮಾಡುವ ಡಬ್ಬಿ. ಪ್ಲಗ್ ಸರಿಯಾಗಿ ಕಿಡಿ ಕೊಡದಿದ್ದರೂ, ಎಂಜಿನ್ ಆಯಿಲ್ ಸುಡುತ್ತಿದ್ದರೂ, ಪೈಪ್ ಲೀಕ್ ಆದರೂ, ಸೆನ್ಸರ್ ಕೆಟ್ಟರೂ ಉರಿಯುವುದು ಅದೇ ಲೈಟು. ನೋಡದೆ ಡಬ್ಬಿ ಬದಲಿಸಿ ಎನ್ನುವ ಮೆಕ್ಯಾನಿಕ್‌ಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಎರಡು ಗಂಟೆ ಹುಡುಕಿದೆ. ಲೀಕ್ ಇಲ್ಲ, ಆಯಿಲ್ ಸರಿ, ಸೆನ್ಸರ್ ಸರಿ. ಆದರೆ ಪ್ಲಗ್‌ಗಳು ಕಪ್ಪಾಗಿದ್ದವು, ಹಸಿ ಪೆಟ್ರೋಲಿನ ವಾಸನೆ ಬೇರೆ. ಆದರೂ ಕೀ ತಿರುಗಿಸಿದರೆ ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್. ತಲೆ ಕೆಟ್ಟು ಕೇಳಿದೆ, “ಅಕ್ಕ, ದಿನಾ ಗಾಡಿ ಹೆಂಗೆ ತೆಗೀತೀರಿ?”

“ಹುಳಿನ ಮನೆ ಮುಂದೆ ನಿಲ್ಸಿರ್ತೀವಿ. ಹುಳಕ್ಕೆ ಹೊಗೆ ಆಗಾಕಿಲ್ವಲ್ಲ, ಅದ್ಕೆ ರಸ್ತೆ ಗಂಟ ತಳ್ಳೋದು. ಹೆಂಗೂ ತಳ್ಳಿದ್ದಾಯ್ತಲ್ಲ ಅಂತ ಹಂಗೇ ಗೇರ್‌ಗೆ ಹಾಕಿ ಸ್ಟಾರ್ಟ್ ಮಾಡ್ತೀನಿ. ಬ್ಯಾಟ್ರಿ ಉಳೀತದೆ.”

“ಯಾರು ಹೇಳ್ಕೊಟ್ಟಿದ್ದು?”

ಸಾಕಮ್ಮ ಮೈದುನನ ಕಡೆ ತಿರುಗಿದರು. ಶಿವಣ್ಣ ನನ್ನ ಸ್ಪ್ಯಾನರುಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

ನಗು ತಡೆಯಲಾಗಲಿಲ್ಲ. ತಳ್ಳಿ ಸ್ಟಾರ್ಟ್ ಮಾಡಿದಾಗಲೆಲ್ಲ ಎಂಜಿನ್ನಿನಲ್ಲಿ ಉರಿಯದೆ ಉಳಿದ ಪೆಟ್ರೋಲ್ ಡಬ್ಬಿಗೆ ಹೋಗಿ ಅಲ್ಲಿ ಉರಿಯುತ್ತದೆ. ಇನ್ನಷ್ಟು ದಿನ ಹೀಗೇ ಮಾಡಿದ್ದರೆ ಒಳಗಿನ ಜೇನುಗೂಡಿನಂಥ ಜಾಲರಿ ಕರಗುತ್ತಿತ್ತು. ಪುಣ್ಯಕ್ಕೆ ಕರಗಿರಲಿಲ್ಲ. ಪ್ಲಗ್ ಬದಲಿಸಿ, ಸಾಕಮ್ಮನೇ ಓಡಿಸಬೇಕೆಂದು ಹಠ ಹಿಡಿದು, ರಾಮನಗರದವರೆಗೆ ಹೋಗಿ ಬಂದೆವು. ಹದಿನೈದು ದಿನ ಬಿಟ್ಟು ಸ್ಕ್ಯಾನ್ ಮಾಡಿದಾಗ ರೀಡಿಂಗ್ ಸರಿಯಾಗಿತ್ತು, ಲೈಟೂ ಇರಲಿಲ್ಲ.

ಒಂದು ಪ್ರಶ್ನೆ ಕೇಳಿದ್ದರೆ ನನ್ನ ಎರಡು ಗಂಟೆ ಉಳಿಯುತ್ತಿತ್ತು. ಅಂದಿನಿಂದ ಬಾನೆಟ್ ಎತ್ತುವ ಮೊದಲು ಗಾಡಿಯವರ ದಿನಚರಿ ಕೇಳುವುದನ್ನು ಅಭ್ಯಾಸ ಮಾಡಿಕೊಂಡೆ.

ಮುಂದಿನ ರೇಷ್ಮೆ ಬೆಳೆಯ ಹೊತ್ತಿಗೆ ಅಕ್ಕೂರಿನ ಕಡೆ ಹೋಗಿದ್ದೆ. ಕಾರು ರಸ್ತೆಯಲ್ಲೇ ನಿಂತಿತ್ತು. ಹುಳಿನ ಮನೆಯಿಂದ ಶಿವಣ್ಣ ಗೂಡಿನ ಚೀಲ ಹೊತ್ತು ಬರುತ್ತಿದ್ದ. ಸ್ಟೀರಿಂಗ್ ಹಿಂದೆ ಕೂತ ಸಾಕಮ್ಮ ಕೀ ತಿರುಗಿಸಿ ಕರೆದರು, “ಒಸಿ ಬಿರ್ನೆ ಬಾರಪ್ಪ ಶಿವಣ್ಣ, ಮಾರ್ಕೆಟ್‌ಗೆ ಹೊತ್ತಾಯ್ತು.”